ಹಿಪ್ಪಿ ಕೊಟ್ಟ ಗಿಟಾರು

ಮೊಮ್ಮಗಳ ಮಾತಿಗೆ ಭುಜಂಗರಾಯರು ಕೆಮ್ಮು ಬರುವಷ್ಟು ನಕ್ಕರು. "ಅರವತ್ತರ ದಶಕದ ರಾಕ್ ಬ್ಯಾಂಡುಗಳನ್ನೆಲ್ಲ ಗೂಢಚಾರರೇ ಕಟ್ಟಿಸಿದ್ದಂತೆ ತಾತ, ಹುಡುಗ್ರು ಚಳವಳಿಗೆ ಹೋಗ್ಬಾರ್ದು ಅಂತ," ಎಂದು ಅವಳು ಮೊಬೈಲಿನಲ್ಲಿ ನೋಡಿದ್ದನ್ನು ಒಪ್ಪಿಸಿದ್ದಳು.

"ಲೇ, ಉದ್ದ ಕೂದಲು ಬಿಟ್ಟು ನಾನೂ ಬ್ಯಾಂಡ್ ಕಟ್ಟಿದವನೇ. ನಮ್ಮಪ್ಪ ದೊಡ್ಡ ಪೊಲೀಸ್ ಅಧಿಕಾರಿ. ಅವರ ಮೂಗಿನ ಕೆಳಗೇ ದಂಗೆ ಎದ್ದೆ! ನಂಗ್ಯಾವ ಗೂಢಚಾರ ಹೇಳಿಕೊಟ್ಟ?"

"ಗಿಟಾರ್ ಎಲ್ಲಿಂದ ಬಂತು?"

"ಕಬ್ಬನ್ ಪಾರ್ಕಲ್ಲಿ ಒಬ್ಬ ಹಿಪ್ಪಿ ಪುಕ್ಕಟೆ ಕೊಟ್ಟ. 'ಆ ಕೆಂಪು ಬಾವುಟ ಬಿಸಾಕು, ಇದನ್ನ ಹಿಡಿ' ಅಂದ, ಪುಣ್ಯಾತ್ಮ!"

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ರಾಯರ ಮುದಿ ತಾಯಿ ತಲೆ ಎತ್ತಲಿಲ್ಲ.

"ಹಿಪ್ಪಿ ಏನ್ ಬಂತು, ನಿಮ್ಮಪ್ಪನ ಕಾನ್‌ಸ್ಟೇಬಲ್ಲು ಕಣೋ. ಅವನ ವಿಗ್ಗು ನಾನೇ ಬಾಚಿ ಕಳಿಸಿದ್ದೆ."