ಟೇಪು ಕತ್ತರಿಸುವ ಕಾರ್ಯಕ್ರಮ

ಸಿಮೆಂಟು ಕಚ್ಚಿಕೊಳ್ಳುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಮನೆ, ಮೋರಿ, ಸೇತುವೆ ಎಲ್ಲವೂ ಅಂಟುಟೇಪಿನ ದಯೆಯಿಂದಲೇ ನಿಂತಿದ್ದವು. ಹಳ್ಳದ ಹೊಸ ಸೇತುವೆಗೆಂದು ಇಂಜಿನಿಯರ್ ಗಂಗಾಂಬಿಕೆ ಮೂರು ಟೇಪುಗಳನ್ನು ವರ್ಷವಿಡೀ ಪರೀಕ್ಷಿಸಿದ್ದಳು. ಕರಿಯದು ಬೇಸಿಗೆಯಲ್ಲಿ ಬೆಲ್ಲದ ಪಾಕವಾಯಿತು. ಬಿಳಿಯದು ಮೊದಲ ಮಳೆಗೇ ಸಿಪ್ಪೆಯಂತೆ ಸುಲಿದುಕೊಂಡಿತು. ಬೆಳ್ಳಿಬಣ್ಣದ್ದು ಮಾತ್ರ ಜಲ್ಲಿ ತುಂಬಿದ ಎರಡು ಲಾರಿ ನೇತುಹಾಕಿದರೂ ಜಗ್ಗಲಿಲ್ಲ. ಕತ್ತರಿಯೊಂದನ್ನು ಬಿಟ್ಟರೆ ಅದಕ್ಕೆ ಯಾವ ಭಯವೂ ಇಲ್ಲವೆಂದು ಅವಳು ವರದಿಯಲ್ಲಿ ಬರೆದಳು. ಅದನ್ನು ಯಾವ ಪುಣ್ಯಾತ್ಮ ಓದುತ್ತಾನೆ!

ಉದ್ಘಾಟನೆಯ ದಿನ ಸೇತುವೆಯ ತುದಿಗೆ ಅಡ್ಡಲಾಗಿ ಕಟ್ಟಿದ್ದ ಕೆಂಪು ಟೇಪನ್ನು ಹಿಂಬಾಲಕರೇ ನೂಕುನುಗ್ಗಲಲ್ಲಿ ಹರಿದುಹಾಕಿ, ಸಚಿವರನ್ನು ಸೇತುವೆಯ ನಡುವಿಗೆ ತಳ್ಳಿಕೊಂಡು ಬಂದರು. ಆಪ್ತ ಸಹಾಯಕ ಕತ್ತರಿಯಿದ್ದ ತಟ್ಟೆ ಚಾಚಿ, “ಸಾರ್, ಟೇಪು ಕತ್ತರಿಸಿ” ಎಂದ. ಸಚಿವರು ಕತ್ತರಿ ಹಿಡಿದು ಸುತ್ತ ನೋಡಿದರು. ಕಂಡದ್ದು ಬೆಳ್ಳಿಬಣ್ಣದ್ದೊಂದೇ.

“ಬೇಡಿ ಸಾರ್, ಅದು ಸೇತುವೆದು!” ಎಂದು ಗಂಗಾಂಬಿಕೆ ಕಿರುಚಿದಳು.

“ಗೊತ್ತಮ್ಮ, ಸೇತುವೆದನ್ನೇ ಅಲ್ವಾ ಕತ್ತರಿಸೋಕೆ ಬಂದಿರೋದು?” ಎಂದು ಸಚಿವರು ಕ್ಯಾಮೆರಾಗಳತ್ತ ಹಲ್ಲುಕಿರಿದರು.

ಚಪ್ಪಾಳೆ ಮುಗಿಯುವ ಮೊದಲೇ ಎಲ್ಲರೂ ಹಳ್ಳದಲ್ಲಿದ್ದರು. ಸೊಂಟದವರೆಗೆ ಕೆಸರಲ್ಲಿ ಹೂತುಹೋದ ಸಚಿವರು ಕೈಯಲ್ಲಿದ್ದ ಕತ್ತರಿಯನ್ನೇ ಅವಳತ್ತ ಚಾಚಿ ಗುಡುಗಿದರು: “ಕಳಪೆ ಕಾಮಗಾರಿ!”