ಹಾರ ಹಾಕುವ ಹೊತ್ತು

ಮದುವೆಯಲ್ಲಿ ಹಾರ ಹಾಕಲು ತುಂಬಿದ ಸಭೆಯೆದುರು ಕೈ ಎತ್ತಬೇಕಲ್ಲ ಎಂದು ಹೆದರಿ, ವಾರಿಜ ಮೂರು ತಿಂಗಳ ಮೊದಲೇ ಕಂಕುಳ ಬೆವರಿಗೆ ಲೇಸರ್ ಚಿಕಿತ್ಸೆ ಮಾಡಿಸಿಕೊಂಡಿದ್ದಳು. ಗಂಡಿನ ಕಡೆಯವರಿಗೆ ಅದರ ಸುಳಿವೂ ಇರಲಿಲ್ಲ.

ದೇವರು ದೊಡ್ಡವನು, ರೇಷ್ಮೆ ಕುಪ್ಪಸ ಒಂದಿಷ್ಟೂ ನೆನೆಯಲಿಲ್ಲ. ಗೆಳೆಯರು ವರನನ್ನು ಎಷ್ಟು ಮೇಲೆತ್ತಿ ಸತಾಯಿಸಿದರೂ ಅವಳು ತುದಿಗಾಲಲ್ಲಿ ನಿಂತು, ಕೈಚಾಚಿ ಹಾರ ಹಾಕಿಯೇಬಿಟ್ಟಳು.

ಅವನನ್ನು ಕೆಳಗಿಳಿಸಿದ ಮೇಲೆ ಪುರೋಹಿತರು, “ಇನ್ನು ನಿನ್ನ ಸರದಿ, ಹಾಕು” ಎಂದರು.

ವರ ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಂತೇ ಇದ್ದ.

“ಏನಾಯ್ತು?” ಎಂದು ಅವಳು ಪಿಸುಗುಟ್ಟಿದಳು.

“ಕೈ ಎತ್ತುವ ಹಾಗಿಲ್ಲ ಮಾರಾಯ್ತಿ, ಬೆವರಿ ಜುಬ್ಬದ ಕಂಕುಳೆಲ್ಲ ಒದ್ದೆ.”

ಅವಳು ಅವನ ಎದೆಮಟ್ಟಕ್ಕೆ ತಲೆ ಬಗ್ಗಿಸಿದಳು.

“ನಮ್ಮ ಸೊಸೆಗೆ ಎಂಥ ವಿನಯ ನೋಡಿ!” ಎಂದು ಅತ್ತೆ ಬೀಗಿದರು.