ತಿಳಿಸುವುದು ಬೇಡ

"ನಿಮ್ಮಣ್ಣನ ರಕ್ತ ನಮಗೆ ತುಂಬಾ ಉಪಯೋಗಕ್ಕೆ ಬಂತು" ಎಂದು ಸಂಶೋಧನೆಯ ಡಾಕ್ಟರಮ್ಮ ಹೇಳಿದಾಗ, ಕುರ್ಚಿಯ ತುದಿಯಲ್ಲಿ ಕೂತಿದ್ದ ವೆಲ್ಡರ್ ಅವಳ ಮುಖವನ್ನೇ ನೋಡಿದ. ಅಣ್ಣ ಸತ್ತು ಹನ್ನೊಂದು ತಿಂಗಳು. ಅವನ ರಕ್ತ ಮಾತ್ರ ಈ ಕಟ್ಟಡದ ಫ್ರಿಜ್ಜಿನಲ್ಲಿ ತಣ್ಣಗೆ, ಸುಖವಾಗಿದೆ. ಪಕ್ಕದಲ್ಲಿ ಅತ್ತಿಗೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

"ಅವರಿಗಿದ್ದದ್ದು ಎಲ್ಲರಿಗೂ ಬರೋ ಸಕ್ಕರೆ ಕಾಯಿಲೆ ಅಲ್ಲ. ಮೈಯನ್ನ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು, ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಕೊಲ್ಲುತ್ತೆ. ದೊಡ್ಡವರಾದ ಮೇಲೆ ಬರುತ್ತೆ, ನಿಧಾನಕ್ಕೆ. ಸ್ವಲ್ಪ ದಿನ ಮಾತ್ರೆ ನಡೆಯುತ್ತೆ. ಆಮೇಲೆ ಎಷ್ಟು ನುಂಗಿದ್ರೂ, ಎಷ್ಟು ಪಥ್ಯ ಮಾಡಿದ್ರೂ ಅಷ್ಟೇ. ಇನ್ಸುಲಿನ್ ಇಂಜೆಕ್ಷನ್ ಬೇಕೇ ಬೇಕು. ವಂಶವಾಹಿಯಲ್ಲಿ ಇದರ ಬೇರು ಎಲ್ಲಿದೆ ಅಂತ ಹುಡುಕ್ತಿದ್ದೀವಿ. ಒಡಹುಟ್ಟಿದವರ ರಕ್ತ ಸಿಕ್ಕಿದ್ರೆ..."

"ಪಥ್ಯ ಮಾಡಿದ್ರೂ ಅಷ್ಟೇನಾ?" ಅತ್ತಿಗೆ ತಲೆ ಎತ್ತಿದಳು.

"ಅಷ್ಟೇ ಅಮ್ಮ."

ಆ ಮನೆಯಲ್ಲಿ ಮೂರು ವರ್ಷ ನಡೆದದ್ದು ಆರೈಕೆಯಲ್ಲ, ಕಳ್ಳನ ವಿಚಾರಣೆ. ಮಾತ್ರೆ ನುಂಗಿಯೂ ಸಕ್ಕರೆ ಇಳಿಯುತ್ತಿಲ್ಲ ಅಂದರೆ ಇನ್ನೇನು, ಕದ್ದು ತಿನ್ನುತ್ತಿದ್ದಾನೆ! ಬೀದಿ ಕೊನೆಯ ಡಾಕ್ಟರೂ ಹಾಗೆಯೇ ಗದರಿ ಕಳಿಸಿದ್ದ. ಅತ್ತಿಗೆ ಗಂಡನ ಜೇಬು ತಡಕುತ್ತಿದ್ದಳು. ತಮ್ಮನಂತೂ ವೆಲ್ಡಿಂಗ್ ಶಾಪಿನಲ್ಲಿ ನಾಲ್ಕು ಜನರ ಎದುರೇ ಊಟದ ಡಬ್ಬಿ ತೆರೆಸಿ ನೋಡಿದ್ದ. "ನಾನು ಏನೂ ತಿಂದಿಲ್ಲ ಕಣೋ" ಎಂದಿದ್ದ ಅಣ್ಣ, ಸವೆದು ಕಡ್ಡಿಯಾದವನು. "ಮತ್ತೆ ಗಾಳಿ ಕುಡಿದ್ರೆ ಸಕ್ಕರೆ ಏರುತ್ತಾ?" ಎಂದಿದ್ದ ತಮ್ಮ. ಶಾಪಿಗೆ ಶಾಪೇ ನಕ್ಕಿತ್ತು. ಕೊನೆಗೆ ಎರಡು ದಿನ ವಾಂತಿ ಮಾಡಿ, ವಾರ್ಡಿನಲ್ಲಿ ಏದುಸಿರು ಬಿಡುತ್ತಾ ಮಲಗಿದ್ದವನ ಪಕ್ಕ ನಿಂತು ಕೂಡ, "ಏನು ತಿಂದೆ, ನಿಜ ಹೇಳು" ಎಂದೇ ಇಬ್ಬರೂ ಕೇಳಿದ್ದರು.

"ಇದು ನಿಮಗೆ ಯಾವಾಗ ಗೊತ್ತಾಯ್ತು?" ವೆಲ್ಡರ್ ಕೇಳಿದ.

"ಅವರು ರಕ್ತ ಕೊಟ್ಟ ನಾಲ್ಕನೇ ತಿಂಗಳಿಗೆ."

"ಆಮೇಲೆ ಒಂದು ವರ್ಷ ಬದುಕಿದ್ದನಲ್ರೀ! ಒಂದು ಫೋನ್ ಮಾಡೋಕೆ ಏನು ಬಂದಿತ್ತು ನಿಮಗೆ?"

"ಟ್ಯೂಬಿನ ಮೇಲೆ ಹೆಸರಿರಲ್ಲ, ನಂಬರ್ ಇರುತ್ತೆ. ಹೆಸರಿನ ಪಟ್ಟಿ ಬೀಗದಲ್ಲಿರುತ್ತೆ."

"ನನ್ನ ರಕ್ತ ಬೇಕಾದಾಗ ಬೀಗ ತೆಗೀತು, ಮನೆ ಬಾಗಿಲೂ ಸಿಕ್ತು. ಅವನ ಪ್ರಾಣ ಹೋಗುವಾಗ ಸಿಗಲಿಲ್ಲ!"

"ತೀರಿಕೊಂಡವರ ಮನೆಯವರಿಗೆ ಹೇಳಬಹುದು ಅಂತ, ಸಂಶೋಧನೆಗೆ ಅನುಮತಿ ಕೊಡೋ ಸಮಿತಿ ಈಗ ಒಪ್ಪಿದೆ."

"ಸತ್ತ ಮೇಲೆ ಹೇಳಬಹುದು, ಬದುಕಿದ್ದಾಗ ಹೇಳಬಾರದು. ಯಾವ ಊರ ನ್ಯಾಯ ರೀ ಇದು?" ಅವನು ಮೇಜು ಗುದ್ದಿದ. ಖಾಲಿ ಟ್ಯೂಬುಗಳು ಸ್ಟ್ಯಾಂಡಿನಲ್ಲಿ ಗಲಗಲ ಅಂದವು.

ಡಾಕ್ಟರಮ್ಮ ಹೆದರಲಿಲ್ಲ. ಫೈಲಿನಿಂದ ಒಂದು ಹಾಳೆ ತೆಗೆದು ಅವನ ಮುಂದೆ ಸರಿಸಿದಳು. ಅಣ್ಣನ ಒಪ್ಪಿಗೆ ಪತ್ರ. ಕೆಳಗೆ ಗೆರೆ ಬಿಟ್ಟು ಓರೆಯಾಗಿ ಅವನ ಸಹಿ. ಅದರ ಮೇಲೊಂದು ಪ್ರಶ್ನೆ: ಚಿಕಿತ್ಸೆಗೆ ಸಂಬಂಧಿಸಿದ್ದೇನಾದರೂ ಕಂಡುಬಂದರೆ ನಿಮಗೆ ತಿಳಿಸಬೇಕೇ? ಎರಡು ಚೌಕಗಳು. 'ಬೇಡ' ಎಂಬ ಚೌಕದಲ್ಲಿ ದಪ್ಪಗೆ ಒಂದು ಗುರುತು.

"ಇದನ್ನ ಮೀರಿ ನಾವು ಹೇಳೋ ಹಾಗಿರಲಿಲ್ಲ. ಅವರೇ ಬೇಡ ಅಂದಿದ್ರು."

ಅಣ್ಣ ಬೇಡ ಅಂದಿರಲಿಲ್ಲ. ರಕ್ತ ಕೊಡುವ ಹಿಂದಿನ ದಿನ, ಮುಖಕ್ಕೆ ಹಿಡಿಯುವ ಕಪ್ಪು ಗಾಜು ಒಡೆದಿದ್ದರೂ ಶಾಪಿನಲ್ಲಿ ಕೆಲಸ ಮಾಡಿ, ವೆಲ್ಡಿಂಗ್ ಬೆಳಕು ಹೊಡೆದು ಅವನ ಕಣ್ಣುಗಳು ಊದಿದ್ದವು. ಇದೇ ಕಟ್ಟಡದ ಬೆಂಚಿನ ಮೇಲೆ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತು, "ನೀನೇ ಬರ್ಕೊಡೋ" ಎಂದಿದ್ದ. ಹೆಸರು, ವಯಸ್ಸು, ವಿಳಾಸ ಎಲ್ಲವನ್ನೂ ಜೋರಾಗಿ ಓದಿ ತುಂಬಿಸಿದ ತಮ್ಮ, ಈ ಪ್ರಶ್ನೆಯನ್ನು ಮಾತ್ರ ಓದಿ ಹೇಳಿರಲಿಲ್ಲ. ಈ ಕಳ್ಳನಿಗೆ ಹೊಸದಾಗಿ ತಿಳಿಸೋದೇನಿದೆ, ಬಾಯಿ ಕಟ್ಟಿದರೆ ಸಾಕು ಎಂದುಕೊಂಡು ಗುರುತು ಎಳೆದು, ಅಣ್ಣನ ಕೈ ಹಿಡಿದು ಸಹಿಯ ಜಾಗ ತೋರಿಸಿದ್ದ.

"ಆವತ್ತು ಅವರಿಗೆ ಕಣ್ಣೇ ಕಾಣ್ತಿರಲಿಲ್ಲ" ಎಂದಳು ಅತ್ತಿಗೆ, ಹಾಳೆಯ ಮೇಲೆ ಬಾಗಿ. "ಇದನ್ನ ತುಂಬಿಸಿದ್ದು ನೀನಲ್ವಾ?"

"ಹೂಂ ಅತ್ತಿಗೆ."

"ಅವರನ್ನ ಕೇಳಿ ಹಾಕಿದ್ಯಾ?"

ಅವನಿಗೆ ಗುದ್ದಲು ಇನ್ನೊಂದು ಮೇಜು ಇರಲಿಲ್ಲ.

ಅತ್ತಿಗೆ ಹಾಳೆಯನ್ನು ಡಾಕ್ಟರಮ್ಮನ ಕಡೆಗೆ ವಾಪಸ್ ಸರಿಸಿದಳು. ಡಾಕ್ಟರಮ್ಮ ಹೊಸ ಹಾಳೆ ತೆಗೆದಳು. "ಒಂದೇ ತಂದೆ ತಾಯಿ. ನಿಮಗೂ ಇರಬಹುದು, ಇಲ್ಲದೆಯೂ ಇರಬಹುದು. ಏನಾದ್ರೂ ಕಂಡ್ರೆ ಯಾರಿಗೆ ಫೋನ್ ಮಾಡಲಿ?"

ವೆಲ್ಡರ್ ಬಾಯಿ ತೆರೆದ. ಅಷ್ಟರಲ್ಲಿ ಅತ್ತಿಗೆ ತನ್ನ ನಂಬರ್ ಹೇಳಿಬಿಟ್ಟಿದ್ದಳು. ಡಾಕ್ಟರಮ್ಮ ಪೆನ್ನು ಎತ್ತಿ ಅವನ ಮುಖ ನೋಡಿದಳು. ಅವನು ಆಗಲಿ ಎಂಬಂತೆ ತಲೆಯಾಡಿಸಿ, ಕಿಡಿ ಸಿಡಿದ ಕಲೆಗಳಿದ್ದ ತೋಳನ್ನು ಮೇಜಿನ ಮೇಲೆ ಚಾಚಿದ.

"ನನಗೇ ಮಾಡಿ" ಎಂದಳು ಅತ್ತಿಗೆ. "ಇವನಿಗೆ ಹೇಳಬೇಕೋ ಬೇಡವೋ, ನಾನು ನೋಡ್ಕೋತೀನಿ."